ಶಸ್ತ್ರ ಹಾದ ಕೆನ್ನೆ

ಅಜ್ಜಂಪುರ
೧೦ ಜೂನ್ ೨೦೨೪

ತೀರ್ಥಪ್ಪನಿಗೆ,

ನೀನು ಕ್ಷೇಮವಾಗಿಲ್ಲ ಅಂತ ಗೊತ್ತು. ನಿನ್ನಿಂದಾಗಿ ನಾನೂ ಕ್ಷೇಮವಾಗಿಲ್ಲ. ಆದ್ದರಿಂದ ಆ ಸಾಲು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀಯ. ಕಾಗದವನ್ನು ಹಾಗೆ ಮಾಡಲಾಗುವುದಿಲ್ಲ. ಹರಿದು ಎಸೆದರೂ ನಿನ್ನ ಹೆಂಡತಿ ಮಲ್ಲಿಕಾಂಬ ಜೋಡಿಸಿ ಓದುತ್ತಾಳೆ.

ನಿನ್ನೆ ಬೀರೂರಿಗೆ ಮದುವೆಗೆ ಹೋಗಿದ್ದೆ. ಪಂಕ್ತಿಯಲ್ಲಿ ನಿಮ್ಮ ಯಗಟಿ ಕಡೆಯ ಗಿಡ್ಡಪ್ಪ ಪಕ್ಕದಲ್ಲಿ ಕೂತಿದ್ದ. ಪಾಯಸ ಸೊರ್ ಅಂತ ಎಳೆದುಕೊಂಡು ಕೇಳಿದ: "ಯಜಮಾನ್ರೇ, ತೀರ್ಥಪ್ಪಾರ್ ಕೆನ್ನೇಲಿ ಗಂಟು ಬಂದಿರೋದು ನೀವು ಹಾಕಿದ್ ಶಸ್ತ್ರದಿಂದಂತೆ, ಹೌದ್ರಾ? ನಿಮ್ ಕೈ ಕೆಟ್ಟೋಗೈತೆ ಅಂತಾರಲ್ಲ." ಎಲೆ ಬಿಟ್ಟು ಎದ್ದು ಬಂದೆ. ಹೋಳಿಗೆಗೆ ಇನ್ನೂ ತುಪ್ಪ ಬಡಿಸಿರಲಿಲ್ಲ.

ಲೇ ತೀರ್ಥ, ಗುಗ್ಗಳದ ಮೆರವಣಿಗೆಯ ದಿನ ವೀರಭದ್ರನ ಹೆಸರು ಹೇಳಿ, ಹರಕೆಯವರ ಕೆನ್ನೆ ಚುಚ್ಚಿ ಕಬ್ಬಿಣದ ಶಸ್ತ್ರ ಹಾಕುವುದು ನಮ್ಮ ಮನೆತನದ ಸೇವೆ. ನಮ್ಮಪ್ಪ ಹಾಕಿದ, ಈಗ ನಾನು ಹಾಕುತ್ತಿದ್ದೇನೆ. ತೊಟ್ಟು ರಕ್ತ ಬಂದದ್ದಿಲ್ಲ, ಒಂದು ಕೆನ್ನೆ ಕೀವಾದದ್ದಿಲ್ಲ. ಮೀಸೆ ಮೂಡುವ ಮುಂಚಿನಿಂದ ವೀರಗಾಸೆಯಲ್ಲಿ ಜೊತೆಗೆ ಕುಣಿದವನು ನೀನು. ನಿನ್ನ ಕೆನ್ನೆಗೆ ಎಷ್ಟು ಕಾರ್ತಿಕದಲ್ಲಿ ಹಾಕಿದ್ದೇನೆ? ಆಗೆಲ್ಲ ಇಲ್ಲದ ಗಂಟು ಈಗ ನನ್ನ ಕೈಯಿಂದ ಬಂತೇ? ನಿನ್ನ ಮಾತು ಕೇಳಿ ತರೀಕೆರೆ ಕಡೆಯ ಎರಡು ಗುಡಿಯವರು ಈ ಸಲ ಬರಬೇಡಿ ಅಂದಿದ್ದಾರೆ.

ಗಂಟು ಇರುವುದು ಕಿವಿಯ ಕೆಳಗಂತೆ. ನಾನು ಶಸ್ತ್ರ ಹಾಕಿದ್ದು ಬಾಯಿಯ ಪಕ್ಕ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವನು ನೀನು. ಕಡೂರಿನಲ್ಲಿ ಸ್ಕ್ಯಾನಿಂಗ್ ಮಾಡುವ ಹೇಮಾವತಿ ಅನ್ನುವ ಡಾಕ್ಟರ್ ಇದ್ದಾರೆ. ಬಸುರಿಯರನ್ನು ಮಾತ್ರವಲ್ಲ, ಕೆನ್ನೆ, ಕತ್ತಿನ ಗಂಟುಗಳನ್ನೂ ನೋಡುತ್ತಾರೆ. ಹೋಗಿ ತೋರಿಸು. ನನ್ನ ಕೈಯಿಂದಲೇ ಬಂದದ್ದು ಅಂತಾದರೆ ಶಸ್ತ್ರವನ್ನು ಗುಡಿಯ ಮುಂದೆ ಇಟ್ಟು ಇನ್ನು ಮುಟ್ಟುವುದಿಲ್ಲ. ಅಲ್ಲ ಅಂತಾದರೆ, ಊರಿಗೆಲ್ಲ ಹೇಳಿದ ಬಾಯಿಂದಲೇ ಊರಿಗೆಲ್ಲ ವಾಪಸು ಹೇಳು.

ಎಲೆ ಬಿಟ್ಟು ಎದ್ದವನು,
ಷಣ್ಮುಖಪ್ಪ


ಯಗಟಿ
೨೨ ಜೂನ್ ೨೦೨೪

ಷಣ್ಮುಖಪ್ಪನವರಿಗೆ,

ನಿನ್ನ ಕಾಗದ ಹರಿಯಲಿಲ್ಲ. ಹರಿಯುವಷ್ಟು ಬೆಲೆಯೂ ಅದಕ್ಕಿಲ್ಲ.

ಹೋದ ಕಾರ್ತಿಕದ ಕಡೆ ಸೋಮವಾರ ನೀನು ಏನು ಮಾಡಿದೆ ಅನ್ನುವುದನ್ನು ನಿನ್ನ ಕಾಗದದಲ್ಲಿ ಬರೆದೇ ಇಲ್ಲವಲ್ಲ? ನಾನು ಬರೆಯುತ್ತೇನೆ. ಶಸ್ತ್ರ ಹಾಕುವವನು ಅದು ಮುಗಿಯುವವರೆಗೆ ಬಾಯಿಗೆ ನೀರು ಕೂಡ ಹಾಕಬಾರದು. ನೀನು ಕಡೂರು ಬಸ್ ಸ್ಟ್ಯಾಂಡಿನಲ್ಲಿ ಕಂಬಕ್ಕೆ ಒರಗಿ ನಿಂತು ಕಾಫಿ ಕುಡಿದೆ. ನಿನ್ನನ್ನು ಕರೆತರಲು ಬಂದ ನಾನೇ ಕಣ್ಣಾರೆ ನೋಡಿದೆ. ಆವತ್ತು ಗಲಾಟೆ ಬೇಡ ಅಂತ ಸುಮ್ಮನಿದ್ದೆ. ಸುಮ್ಮನಿದ್ದದ್ದಕ್ಕೆ ಈ ಗಂಟು.

ಊರ ಬಾಯಿಗೆ ಅಗಸೆ ಬಾಗಿಲು ಹಾಕುವುದಕ್ಕೆ ಆಗುತ್ತದೆಯೇ? ಕೇಳಿದವರಿಗೆ ಕಂಡದ್ದನ್ನು ಹೇಳಿದೆ.

ಆಸ್ಪತ್ರೆಗೆ ನಾನು ಹೋಗುವುದಿಲ್ಲ. ಹೋದರೆ ಚುಚ್ಚುತ್ತಾರೆ. ದೇವರ ಶಸ್ತ್ರ ಹಾದ ಕೆನ್ನೆಗೆ ಬೇರೆ ಕಬ್ಬಿಣ ಹಾಯಬಾರದು ಅಂತ ನಮ್ಮಜ್ಜ ಹೇಳುತ್ತಿದ್ದ. ಗಂಟಿಗೆ ಸೂಜಿ ತಾಕಿದರೆ ಕೆರಳಿ ಮೈಗೆಲ್ಲ ಹರಡುತ್ತದೆ ಅನ್ನುವುದು ಯಾರಿಗೆ ಗೊತ್ತಿಲ್ಲ? ನೋವಿಲ್ಲ, ಉರಿಯಿಲ್ಲ. ಇರುವಷ್ಟು ದಿನ ಇರಲಿ.

ಇನ್ನೊಂದು ಮಾತು. ಮಗ ಬಸವೇಶ ಈ ಕಾರ್ತಿಕಕ್ಕೆ ಮೊದಲ ಸಲ ಶಸ್ತ್ರ ಹಾಕಿಸಿಕೊಳ್ಳಬೇಕು. ಅದನ್ನು ನಿನ್ನ ಕೈಯಿಂದಲೇ ಹಾಕಿಸುತ್ತೇನೆ ಅಂತ ಅವನು ತೊಟ್ಟಿಲಲ್ಲಿದ್ದಾಗ ಮಾತು ಕೊಟ್ಟಿದ್ದೆ. ಆ ಮಾತು ಇವತ್ತಿಗೆ ಮುಗಿಯಿತು. ನಿನ್ನ ಕೈ ನನ್ನ ಮಗನ ಕೆನ್ನೆಗೆ ತಾಕಲು ಬಿಡುವುದಿಲ್ಲ.

ತೀರ್ಥಪ್ಪ


ಯಗಟಿ
೧೪ ಜುಲೈ ೨೦೨೪

ಷಣ್ಮುಖಣ್ಣನವರಿಗೆ ಮಲ್ಲಿಕಾಂಬ ಮಾಡುವ ಶರಣುಗಳು.

ನಾನು ಕಾಗದ ಬರೆಯುವುದು ಇವರಿಗೆ ಗೊತ್ತಿಲ್ಲ. ಗೊತ್ತಾದರೂ ಚಿಂತೆಯಿಲ್ಲ. ನಿಮ್ಮಿಬ್ಬರ ಜಗಳದ ನಡುವೆ ಆ ಗಂಟು ದಪ್ಪಗಾಗುತ್ತಿದೆ. ಅದನ್ನು ನೋಡುವವಳು ನಾನೊಬ್ಬಳೇ.

ನೀವು ಬರೆದ ಮೇಲೆ ಬಸವೇಶ ವಿಚಾರಿಸಿಕೊಂಡು ಬಂದು, "ಅಪ್ಪಾ, ಸ್ಕ್ಯಾನಿಂಗಲ್ಲಿ ಚುಚ್ಚೋದೇ ಇಲ್ಲ ಕಣಪ್ಪಾ, ಮೇಲೆ ಸವ್ರಿ ಶಬ್ದದಿಂದ ನೋಡ್ತಾರಂತೆ" ಅಂದ. ಚುಚ್ಚುವುದಿಲ್ಲ ಅಂದ ಮೇಲೆ ಇವರು ಶರ್ಟು ಹಾಕಿದರು. ಕಡೂರಿನಲ್ಲಿ ಹೇಮಾವತಿ ಡಾಕ್ಟರ್ ಕೆನ್ನೆಗೆ ತಣ್ಣಗಿನ ಅಂಟು ಹಚ್ಚಿ, ಇಸ್ತ್ರಿ ಮಾಡುವ ಹಾಗೆ ಸವರುತ್ತಾ ಹೋದರು. ಟಿವಿಯಲ್ಲಿ ಬೂದಿ ಬಣ್ಣದ ನಡುವೆ ಕಪ್ಪಗೆ ಒಂದು ಅಡಿಕೆಯಷ್ಟು ಕಂಡಿತು. ಸುತ್ತಲಿನ ಬೂದಿ ಬಣ್ಣದ್ದು ಜೊಲ್ಲು ಊರುವ ಗ್ರಂಥಿಯಂತೆ. ಅದರೊಳಗೆ ಗಡ್ಡೆ ಬೆಳೆದಿದೆಯಂತೆ.

ನಾನು ನಿಮ್ಮ ಪರವಾಗಿ ಕೇಳಿಯೇಬಿಟ್ಟೆ: "ಅಮ್ಮಾ, ಇವ್ರು ದೇವ್ರಿಗೆ ಕೆನ್ನೆಗೆ ಶಸ್ತ್ರ ಹಾಕಿಸ್ಕೊಂಡಿದ್ರು. ಅದ್ರಿಂದ ಬಂದಿರ್ಬೋದಾ?" ಅವರು ನಗಲಿಲ್ಲ. ಎಲ್ಲಿ ಹಾಕಿದ್ದು ಅಂತ ಕೇಳಿ, ಬಾಯಿಯ ಪಕ್ಕದಿಂದ ಕಿವಿಯವರೆಗೂ ಸವರಿ ನೋಡಿದರು. "ಶಸ್ತ್ರ ಹೋಗಿರೋ ಜಾಗ ಶುದ್ಧವಾಗಿದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಅಂದರು. ಇವರು ಗೋಡೆಯ ಕಡೆ ತಿರುಗಿಕೊಂಡರು.

ಆಮೇಲೆ ಡಾಕ್ಟರ್ ಅಂದರು: "ಗಡ್ಡೆ ಅಂಚು ನಯವಾಗಿದೆ, ಕತ್ತಲ್ಲಿ ಬೇರೆ ಗಂಟು ಕಾಣ್ತಿಲ್ಲ. ನೋಡೋಕೆ ಸಾಧು ಥರ ಇದೆ. ಆದ್ರೆ ನೋಡೋಕೆ ಸಾಧು ಥರ ಇರೋದೆಲ್ಲ ಸಾಧು ಅಲ್ಲ ಯಜಮಾನ್ರೇ. ಒಂದಷ್ಟು ಭಾಗ ದವಡೆ ಮೂಳೆ ಹಿಂದೆ ಹೋಗಿದೆ. ಮೂಳೆ ದಾಟಿ ನಂಗೆ ಕಾಣಲ್ಲ. ಸಣ್ಣ ಸೂಜಿ ಹಾಕಿ ಒಳಗಿಂದು ಸ್ವಲ್ಪ ತೆಗೆದು ನೋಡ್ಲೇಬೇಕು." ಮುಂದಿನ ತಿಂಗಳು ಶಿವಮೊಗ್ಗದ ಇನ್ನೊಬ್ಬ ಡಾಕ್ಟರು ತರೀಕೆರೆಗೆ ಬರುತ್ತಾರಂತೆ, ಅಲ್ಲಿ ಇಬ್ಬರೂ ಸೇರಿ ಮಾಡುತ್ತಾರಂತೆ.

ಇವರ ಕಿವಿಗೆ ಬಿದ್ದದ್ದು 'ಸಾಧು' ಒಂದೇ. ಬಸ್ಸಿನಲ್ಲಿ ಸಿಕ್ಕ ಸಿಕ್ಕವರಿಗೆಲ್ಲ, "ಏನಿಲ್ಲ ಕಣ್ರೀ, ಸಾಧು ಗಂಟಂತೆ" ಅಂದುಕೊಂಡು ಬಂದರು. ನಿಮ್ಮ ಕೈಯದಲ್ಲ ಅನ್ನುವುದನ್ನು ಒಬ್ಬರಿಗೂ ಹೇಳಲಿಲ್ಲ. ಸೂಜಿ ಅಂದರೆ ತಟ್ಟೆ ತಳ್ಳಿ ಏಳುತ್ತಾರೆ. ನನಗೆ ನಿಮ್ಮಿಬ್ಬರ ಮೇಲೂ ಸಿಟ್ಟಿದೆ ಅಣ್ಣ. ಆದರೆ ಅವರಿಗೆ ಬಯ್ದು ಹೇಳುವವರು ನೀವೊಬ್ಬರೇ.

ಮಲ್ಲಿಕಾಂಬ


ಅಜ್ಜಂಪುರ
೧೮ ಜುಲೈ ೨೦೨೪

ತೀರ್ಥ,

ಗೆದ್ದೆ. ಗೆದ್ದ ಸುದ್ದಿ ಬಂದಾಗ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದೆ. ಒಂದು ಗಳಿಗೆ ಖುಷಿಯಾಯಿತು. ಆಮೇಲೆ ಮಿಕ್ಕ ಸಾಲು ಓದಿ, ನಿನ್ನನ್ನು ಕಂಬಕ್ಕೆ ಕಟ್ಟಿ ಹೊಡೆಯಬೇಕು ಅನ್ನಿಸಿತು.

ಕಾಫಿ ಕುಡಿದದ್ದು ನಿಜ. ಸಕ್ಕರೆ ಕಾಯಿಲೆಯವನು ಉಪವಾಸವಿದ್ದರೆ ಕೈ ನಡುಗುತ್ತದೆ. ನಡುಗುವ ಕೈಯಲ್ಲಿ ನಿನ್ನ ಕೆನ್ನೆಗೆ ಶಸ್ತ್ರ ಹಾಕಬೇಕಿತ್ತೇ? ಕಾಫಿ ಕುಡಿದ ತಪ್ಪಿಗೆ ವೀರಭದ್ರ ನನಗೆ ಗಂಟು ಕೊಡಬೇಕಾಗಿತ್ತು. ನಿನಗೆ ಯಾಕೆ ಕೊಟ್ಟ? ಅವನಿಗೆ ವಿಳಾಸ ತಪ್ಪಿತೇ?

ಬೇರೆ ಕಬ್ಬಿಣ ತಾಕಬಾರದು ಅಂತೀಯಲ್ಲ, ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಳ್ಳುವ ಬ್ಲೇಡು ಏನು ಸೀಬೆಮರದ್ದಾ? ಹೋದ ವರ್ಷ ಹಲ್ಲು ಕೀಳಿಸಿಕೊಂಡೆಯಲ್ಲ, ಇಕ್ಕಳ ಯಾವುದರದ್ದು? ಆಗ ನಿಮ್ಮಜ್ಜ ಎಲ್ಲಿಗೆ ಹೋಗಿದ್ದ? ನಿನಗೆ ಕಬ್ಬಿಣದ ಭಯವಿಲ್ಲ. ಒಳಗಿನದು ಸಾಧು ಅಲ್ಲ ಅಂತ ಬಂದುಬಿಟ್ಟರೆ ಅನ್ನುವ ಭಯ. ಅದನ್ನು ನೇರವಾಗಿ ಹೇಳು. ಹೆದರಿದವನಿಗೆ ನಾನು ಬಯ್ಯುವುದಿಲ್ಲ. ಹೆದರಿಕೆಗೆ ದೇವರ ಅಂಗಿ ತೊಡಿಸುವವನಿಗೆ ಬಯ್ಯುತ್ತೇನೆ.

ಹರಡುತ್ತದೆಯೋ ಅಂತ ಡಾಕ್ಟರಿಗೇ ಫೋನ್ ಮಾಡಿ ಕೇಳಿದೆ. ಸೂಜಿ ತಲೆಗೂದಲಿಗಿಂತ ಸ್ವಲ್ಪ ದಪ್ಪವಂತೆ. ಸ್ಕ್ಯಾನಿನಲ್ಲಿ ನೋಡುತ್ತಲೇ ಹಾಕುತ್ತಾರಂತೆ, ಸೂಜಿಯ ತುದಿ ಎಲ್ಲಿದೆ ಅಂತ ಕಾಣುತ್ತಿರುತ್ತದಂತೆ. ಅದರಿಂದ ಹರಡುತ್ತದೆ ಅಂತ ಹೆದರಿ ಬಿಡುವುದೇ ದೊಡ್ಡ ಅಪಾಯ ಅಂದರು.

ನಾನು ತರೀಕೆರೆಗೆ ಬರುತ್ತೇನೆ. ಶಸ್ತ್ರಕ್ಕೆ ಹಚ್ಚುವ ಹಾಗೆ ಸೂಜಿಗೆ ವಿಭೂತಿ ಹಚ್ಚಲು ಡಾಕ್ಟರು ಬಿಡುವುದಿಲ್ಲ, ನಿನ್ನ ಹಣೆಗೆ ಹಚ್ಚುತ್ತೇನೆ. ಬರದಿದ್ದರೆ ಯಗಟಿಗೇ ಬಂದು, ಗುಡಿ ಕಟ್ಟೆಯ ಮೇಲೆ ನಿಂತು, ವೀರಗಾಸೆ ತೀರ್ಥಪ್ಪ ಸೂಜಿಗೆ ಹೆದರಿ ಮಂಚದ ಕೆಳಗೆ ಕೂತಿದ್ದಾನೆ ಅಂತ ಕೂಗುತ್ತೇನೆ.

ಷಣ್ಮುಖ


ಯಗಟಿ
೨ ಆಗಸ್ಟ್ ೨೦೨೪

ಷಣ್ಮುಖ,

ತರೀಕೆರೆಗೆ ಬರುತ್ತೇನೆ, ಹದಿಮೂರನೇ ತಾರೀಕು ಮಂಗಳವಾರ. ನೀನು ಕೂಗುತ್ತೀಯ ಅಂತಲ್ಲ. ಮಲ್ಲಿಕಾಂಬ ಮೂರು ದಿನದಿಂದ ಮಾತಾಡುತ್ತಿಲ್ಲ, ಸಾರಿಗೆ ಉಪ್ಪೂ ಹಾಕುತ್ತಿಲ್ಲ.

ವಿಭೂತಿ ನಾನೇ ತರುತ್ತೇನೆ. ನಿನ್ನ ಅಂಗಡಿಯ ಪಕ್ಕದಲ್ಲಿ ಮಾರುವ ಸುಣ್ಣದ ಉಂಡೆ ಬೇಡ.

ತೀರ್ಥಪ್ಪ


ಯಗಟಿ
೨೯ ಆಗಸ್ಟ್ ೨೦೨೪

ಷಣ್ಮುಖ,

ತರೀಕೆರೆಯಲ್ಲಿ ಆದದ್ದನ್ನು ನಾನು ಯಾರಿಗೂ ಹೇಳಿಲ್ಲ, ಆದರೆ ಮರೆತಿಲ್ಲ. ಊರೂರಿನ ಕೆನ್ನೆಗಳಿಗೆ ಶಸ್ತ್ರ ಹಾಯಿಸಿದ ಮಹಾಶಯ, ಆ ಡಾಕ್ಟರಮ್ಮ ಕೂದಲಿನಂಥ ಸೂಜಿ ತೆಗೆದ ಕೂಡಲೇ ಕಣ್ಣು ಮುಚ್ಚಿಕೊಂಡೆಯಲ್ಲ. ನಾನು ಕಣ್ಣು ಬಿಟ್ಟುಕೊಂಡೇ ಇದ್ದೆ. ಟಿವಿಯಲ್ಲಿ ಕಪ್ಪು ಗಡ್ಡೆಯೊಳಕ್ಕೆ ಬಿಳಿ ಗೆರೆಯೊಂದು ಮೆಲ್ಲಗೆ ಹೋಗುವುದನ್ನು ನೋಡಿದೆ. ನೀನು ನನ್ನ ಕೈಯನ್ನು ಹಿಸುಕಿದ ಜಾಗ ಮಾತ್ರ ಸಂಜೆಯವರೆಗೂ ನೋಯುತ್ತಿತ್ತು.

ಉತ್ತರ ಬಂದಿದೆ. ಸಾಧು ಅಲ್ಲ.

ಶಿವಮೊಗ್ಗಕ್ಕೆ ಹೋಗಿದ್ದೆವು. ದೊಡ್ಡ ಮಷಿನ್ನಿನಲ್ಲಿ ಮಲಗಿಸಿ, ಮೂಳೆಯ ಹಿಂದಿನದನ್ನೂ ನೋಡಿದರು. ನಿಧಾನದ ಜಾತಿಯ ಕ್ಯಾನ್ಸರಂತೆ, ಈಗಲೇ ತೆಗೆದರೆ ಉಳಿಯುತ್ತೀರಿ ಅಂದರು. ಅದೂ ಸರಿ. ಆದರೆ ಮುಖದ ನರ ಆ ಗ್ರಂಥಿಯ ನಡುವೆಯೇ ಕವಲೊಡೆದು ಹೋಗುತ್ತದಂತೆ. ಕೆಳತುಟಿಗೆ ಹೋಗುವ ಕವಲಿಗೆ ಗಡ್ಡೆ ಅಂಟಿಕೊಂಡಿದೆಯಂತೆ. ಅದನ್ನು ಉಳಿಸುತ್ತೇವೆ ಅಂತ ಮಾತು ಕೊಡಲಾಗದು ಅಂದರು. ಬಾಯಿ ಒಂದು ಕಡೆ ಬೀಳಬಹುದು, ಮಾತು ಸೋರಬಹುದು.

ನಾನು ಏನು ಮಾಡುವವನು ಷಣ್ಮುಖ? ತೆಂಗಿನಕಾಯಿ ಕೀಳುವವರು ಊರಿಗೆ ನೂರು ಜನ ಇದ್ದಾರೆ. ಗುಗ್ಗಳದ ಮುಂದೆ ಕತ್ತಿ ಹಿಡಿದು, ದಕ್ಷನ ಯಜ್ಞದ ಒಡಪನ್ನು ಎದೆ ತುಂಬಿ ಹೇಳುವವನು ನಾನೊಬ್ಬ. ಬಾಯಿ ಸೊಟ್ಟಗಿಟ್ಟುಕೊಂಡು ವೀರಭದ್ರನ ಕಥೆ ಹೇಳಿದರೆ ಮಕ್ಕಳು ನಗುತ್ತಾರೆ. ನಾನು ಕೊಯ್ಯಿಸಿಕೊಳ್ಳುವುದಿಲ್ಲ. ಈ ಕಾರ್ತಿಕಕ್ಕೂ ಹೇಳುತ್ತೇನೆ, ಆಗುವಷ್ಟು ಕಾರ್ತಿಕಕ್ಕೆ ಹೇಳುತ್ತೇನೆ, ಆಮೇಲೆ ಹೋಗುತ್ತೇನೆ. ಇದರಲ್ಲಿ ನಿನ್ನ ಉಪದೇಶ ಬೇಡ.

ತೀರ್ಥ


ಅಜ್ಜಂಪುರ
೨ ಸೆಪ್ಟೆಂಬರ್ ೨೦೨೪

ತೀರ್ಥ,

ಉಪದೇಶ ಮಾಡುವುದಕ್ಕೆ ನಾನು ಮಠದ ಸ್ವಾಮಿಯಲ್ಲ. ಬಯ್ಯುತ್ತೇನೆ, ಕೇಳಿಸಿಕೊ.

'ಆಮೇಲೆ ಹೋಗುತ್ತೇನೆ' ಅಂತ ಬರೆದಿದ್ದೀಯ. ಎಲ್ಲಿಗೋ? ಕಡೂರು ಸಂತೆಗಾ? ಅಡಿಕೆಯಷ್ಟು ಇದ್ದದ್ದು ತೆಂಗಿನ ಎಳೆಗಾಯಿಯಷ್ಟಾದ ಮೇಲೆ, ತುಟಿಯ ನರ ಒಂದೇ ಅಲ್ಲ, ಕಣ್ಣು ಮುಚ್ಚುವ ನರವನ್ನೂ ತಿನ್ನುತ್ತದೆ. ಆಗ ಒಡಪು ಯಾರು ಹೇಳುತ್ತಾರೆ? ಡಾಕ್ಟರು ಉಳಿಯುತ್ತೀರಿ ಅಂದ ಮೇಲೂ ಸಾಯುತ್ತೇನೆ ಅಂತ ಹಟ ಹಿಡಿದವನನ್ನು ನಾನು ಇದೇ ಮೊದಲು ನೋಡುತ್ತಿರುವುದು.

ಈಗ ನನ್ನ ಕಡೆಯದನ್ನೂ ಕೇಳು. ನಿನ್ನ ಬಾಯಿ ನೆಟ್ಟಗಿದ್ದಾಗಲೇ ನಿಮ್ಮ ಊರು ನನ್ನ ಕೈ ಕೆಟ್ಟಿದೆ ಅಂದಿತು. ಬಾಯಿ ಸೊಟ್ಟಗಾದರೆ ಏನನ್ನುತ್ತದೆ ಅಂತ ನನಗೆ ಗೊತ್ತಿಲ್ಲವೇ? "ನೋಡ್ರಪ್ಪಾ, ಶಸ್ತ್ರ ಹಾಕಿದ್ ಕಡೇನೇ ಬಾಯಿ ಬಿದ್ದೋಯ್ತು" ಅನ್ನುತ್ತದೆ. ಸ್ಕ್ಯಾನಿನ ಚಿತ್ರ ಹಿಡಿದುಕೊಂಡು ಮನೆಮನೆಗೆ ಹೋಗಿ, ಇಗೋ ಇಲ್ಲಿ ಗ್ರಂಥಿ, ಇಗೋ ಇಲ್ಲಿ ನನ್ನ ಶಸ್ತ್ರ ಅಂತ ತೋರಿಸಲೇ? ಕಣ್ಣಿಗೆ ಕಂಡದ್ದನ್ನು ಬಿಟ್ಟು ಕಪ್ಪು ಬಿಳಿ ಚಿತ್ರವನ್ನು ಯಾರು ನಂಬುತ್ತಾರೆ? ನಿನ್ನ ಮುಖ ಬೀದಿಗೆ ಬಂದ ದಿನ ನಮ್ಮಪ್ಪನಿಂದ ಬಂದ ಸೇವೆ ನಿಂತಿತು ಅಂತ ಲೆಕ್ಕ. ಆಮೇಲೆ ಯಾರೂ ನನ್ನ ಮುಂದೆ ಕೆನ್ನೆ ಒಡ್ಡುವುದಿಲ್ಲ.

ಇಷ್ಟು ಗೊತ್ತಿದ್ದೇ ಹೇಳುತ್ತಿದ್ದೇನೆ, ಹೋಗಿ ಕೊಯ್ಯಿಸಿಕೊ. ಊರು ಅನ್ನುವುದನ್ನು ಅನ್ನಲಿ. ನಾನು ಅನ್ನಿಸಿಕೊಳ್ಳುತ್ತೇನೆ. ಸಿಟ್ಟಿದೆ, ಇಲ್ಲ ಅನ್ನುವುದಿಲ್ಲ. ಈ ಸಾಲು ಬರೆಯುವಾಗಲೂ ಪೆನ್ನು ಕಾಗದ ಹರಿಯುತ್ತಿದೆ. ಆದರೆ ಒಡಪು ಹೇಳುವ ಬಾಯಿ ಇನ್ನೊಂದು ಹುಡುಕಿದರೆ ಸಿಗುತ್ತದೆ. ಜೀವನಪೂರ್ತಿ ಜಗಳವಾಡಲು ನನಗೆ ಇನ್ನೊಬ್ಬ ತೀರ್ಥ ಎಲ್ಲಿ ಸಿಗುತ್ತಾನೆ?

ಇದಕ್ಕೆ ಉತ್ತರ ಬರೆಯಬೇಡ. ಆಸ್ಪತ್ರೆಗೆ ಸೇರಿಕೊ. ಅಲ್ಲಿಯವರೆಗೂ ನಿನ್ನ ಒಂದು ಅಕ್ಷರವೂ ನನಗೆ ಬೇಡ.

ಷಣ್ಮುಖ


ಯಗಟಿ
೨೦ ಅಕ್ಟೋಬರ್ ೨೦೨೪

ಷಣ್ಮುಖಣ್ಣನವರಿಗೆ ಮಲ್ಲಿಕಾಂಬಳ ಶರಣುಗಳು.

ನಿಮ್ಮ ಕಾಗದಕ್ಕೆ ಮಣಿದು ಇವರು ಮಾಡಿಸಿಕೊಂಡ ಆಪರೇಷನ್ ಆಗಿ ತಿಂಗಳು ಕಳೆಯಿತು. ಗಡ್ಡೆ ಪೂರ್ತಿ ಹೊರಗೆ ಬಂದಿದೆ, ಅಂಚಿನಲ್ಲಿ ಏನೂ ಉಳಿದಿಲ್ಲ ಅಂದರು. ಮೊನ್ನೆ ಕಡೂರಿನಲ್ಲಿ ಹೇಮಾವತಿ ಡಾಕ್ಟರ್ ಮತ್ತೆ ಕತ್ತೆಲ್ಲ ಸವರಿ ನೋಡಿ, ಚೆನ್ನಾಗಿದೆ ಅಂದರು. ನಾನು ಅಲ್ಲೇ ಅತ್ತುಬಿಟ್ಟೆ. ಅವರು ಅಂಟು ಒರೆಸುವ ಬಟ್ಟೆಯನ್ನೇ ನನಗೆ ಕೊಟ್ಟರು.

ತುಟಿ ಬಿದ್ದಿದೆ ಅಣ್ಣ. ಆ ನರ ಉಳಿಯಲಿಲ್ಲ. ನೀರು ಕುಡಿದರೆ ಒಂದು ಕಡೆ ಸೋರುತ್ತದೆ. 'ವೀರಭದ್ರ' ಅಂದರೆ ಗಾಳಿಯೇ ಹೆಚ್ಚು ಬರುತ್ತದೆ.

ನೀವು ಆಸ್ಪತ್ರೆಗೆ ಎರಡು ಸಲ ಬಂದು, ಇವರು ನಿದ್ದೆಯಲ್ಲಿದ್ದಾಗ ನೋಡಿಕೊಂಡು ಹೋದಿರಿ. ಊರಿಗೆ ಮಾತ್ರ ಬರಲಿಲ್ಲ. ಯಾಕೆ ಅಂತ ನನಗೆ ಗೊತ್ತು. ನೀವು ಅಂದುಕೊಂಡ ಹಾಗೇ ಆಗಿದೆ. ಹೋದ ವಾರ ನಲ್ಲಿಯ ಹತ್ತಿರ ಹುಲಿಯಮ್ಮ ಅಂದಳು: "ಶಸ್ತ್ರ ಹಾಕಿದ್ ಕಡೇನೇ ಬಿದ್ದೈತೆ ನೋಡ್ರವ್ವಾ. ಆ ಅಜ್ಜಂಪುರದೋನ್ ಕೈ ಮುರಿದ್ಹೋಗ." ಇವರು ಜಗುಲಿಯಲ್ಲಿ ಕೂತಿದ್ದವರು ಎದ್ದು ಬೀದಿಗೆ ಬಂದು ಕೂಗಿದರು. ಅಲ್ಲ, ಅವನಲ್ಲ, ಸ್ಕ್ಯಾನ್ ಮಾಡಿ ನೋಡಿದ್ದಾರೆ ಅಂತ ಕೂಗಿದ್ದು. ನನಗೆ ಅರ್ಥವಾಯಿತು. ಬೇರೆ ಯಾರಿಗೂ ಒಂದು ಮಾತೂ ಅರ್ಥವಾಗಲಿಲ್ಲ. ಹುಲಿಯಮ್ಮ, "ಅಯ್ಯೋ ಪಾಪ, ನೀವು ಆಯಾಸ ಮಾಡ್ಕಬ್ಯಾಡಿ" ಅಂದು ಕೊಡ ಎತ್ತಿಕೊಂಡು ಹೋದಳು.

ಆವತ್ತಿನಿಂದ ಇವರು ಯಾರೊಂದಿಗೂ ಮಾತಾಡುತ್ತಿಲ್ಲ. ತೋಟಕ್ಕೆ ಹೋಗಿ ಕೂರುತ್ತಾರೆ. ಅಲ್ಲಿ ಒಬ್ಬರೇ ಏನೋ ಹೇಳಿಕೊಳ್ಳುತ್ತಾರೆ, ನಿಲ್ಲಿಸುತ್ತಾರೆ, ಮತ್ತೆ ಮೊದಲಿಂದ ಹೇಳುತ್ತಾರೆ.

ಮಲ್ಲಿಕಾಂಬ


ಯಗಟಿ
೧೬ ನವೆಂಬರ್ ೨೦೨೪

ಲೇ ಷಣ್ಮುಖ,

ಬಾಯಲ್ಲಿ ಬಯ್ದರೆ ಜೊಲ್ಲು ಸೋರುತ್ತದೆ, ಆದ್ದರಿಂದ ಕಾಗದದಲ್ಲಿ ಬಯ್ಯುತ್ತೇನೆ. ಆಸ್ಪತ್ರೆಗೆ ಕಳ್ಳನ ಹಾಗೆ ಬಂದು ಹೋದೆಯಂತೆ. ನಾನು ನಿದ್ದೆ ಮಾಡುತ್ತಿರಲಿಲ್ಲ. ಎರಡನೇ ಸಲ ನೀನು ಮಂಚದ ಪಕ್ಕ ನಿಂತು ಮೂಗು ಒರೆಸಿಕೊಂಡದ್ದನ್ನು ನೋಡಿದ್ದೇನೆ. ಎದ್ದರೆ ಇಬ್ಬರೂ ಅಳಬೇಕಾಗುತ್ತದೆ ಅಂತ ಕಣ್ಣು ಮುಚ್ಚಿಕೊಂಡೆ. ಕಣ್ಣು ಮುಚ್ಚಿಕೊಳ್ಳುವುದು ನಿನ್ನಿಂದ ಕಲಿತದ್ದು.

ನಿನ್ನೆ ಗುಡಿಯಲ್ಲಿ ಗುಗ್ಗಳದ ಸಭೆ ಸೇರಿತ್ತು. ಈ ಸಲ ಶಸ್ತ್ರಕ್ಕೆ ಬೇರೆಯವರನ್ನು ಕರೆಸೋಣ ಅಂದರು. ನಾನು ಎದ್ದು ನಿಂತೆ. ನಿನ್ನ ಕೈಯದಲ್ಲ ಅಂತ ಒಂದೊಂದೇ ಪದ ನಿಧಾನವಾಗಿ ಹೇಳಿದೆ. ತಲೆ ಅಲ್ಲಾಡಿಸಿದರು. ಅರ್ಥವಾಗಿ ಅಲ್ಲ, ಪಾಪ ಅಂತ ಅಲ್ಲಾಡಿಸಿದರು. ನೆಟ್ಟಗಿದ್ದ ಬಾಯಿಂದ ಹೇಳಿದ್ದನ್ನು ಒಂದೇ ದಿನದಲ್ಲಿ ನಂಬಿದ ಊರು ಸೊಟ್ಟ ಬಾಯಿಂದ ಹೇಳಿದ್ದನ್ನು ನಂಬುವುದಿಲ್ಲ. ಮೈಯೆಲ್ಲ ಉರಿಯಿತು. ಅವರ ಮೇಲೆ ಉರಿಯಿತು, ನನ್ನ ಮೇಲೂ ಉರಿಯಿತು.

ಆಗ ಬಸವೇಶನ ಮುಖ ನೋಡಿದೆ. ಅವನಿಗೆ ನಾನು ಏನೂ ಹೇಳಬೇಕಾಗಲಿಲ್ಲ. ಎದ್ದು ಬಂದು ಎಲ್ಲರ ಮುಂದೆ ಬಲಗೆನ್ನೆ ತೋರಿಸಿ ಅಂದ: "ನನ್ ಕೆನ್ನೆಗೆ ಷಣ್ಮುಖಪ್ಪಾರೇ ಹಾಕ್ಬೇಕು. ಬೇರೆಯೋರು ಮುಟ್ಟಂಗಿಲ್ಲ." ಬೇರೆಯವರನ್ನು ಕರೆಸುವ ಮಾತನ್ನು ಅಲ್ಲಿಗೇ ಬಿಟ್ಟರು. ನಮ್ಮ ಮನೆಗೆ ಇವನೊಬ್ಬನೇ ಮಗ ಅಂತ ಎಲ್ಲರಿಗೂ ಗೊತ್ತು. ನನ್ನ ಮಾತು ಅರ್ಥವಾಗದವರಿಗೆ ಅದು ಅರ್ಥವಾಯಿತು.

ಕಡೆ ಸೋಮವಾರ, ಇಪ್ಪತ್ತೈದನೇ ತಾರೀಕು. ಒಡಪು ನಾನೇ ಹೇಳುತ್ತೇನೆ. ಗಾಳಿ ಸೋರುತ್ತದೆ, ಸೋರಲಿ. ಮಕ್ಕಳು ನಕ್ಕರೆ ನಗಲಿ. ತೋಟದಲ್ಲಿ ತೆಂಗಿನಮರಗಳ ಮುಂದೆ ಹೇಳಿ ಹೇಳಿ ಅಭ್ಯಾಸ ಮಾಡಿದ್ದೇನೆ. ಅವು ಇನ್ನೂ ನಕ್ಕಿಲ್ಲ. ನಾನು ಹೇಳುತ್ತಿರುವಾಗ ನೀನು ನನ್ನ ಮಗನ ಕೆನ್ನೆಗೆ ಶಸ್ತ್ರ ಹಾಕಬೇಕು. ಕೈ ನಡುಗಿಸಬೇಡ.

ಕೈ ನಡುಗಬಾರದು ಅಂದರೆ ಹೊಟ್ಟೆ ಖಾಲಿ ಇರಬಾರದು ಅಂತ ಬರೆದಿದ್ದೆಯಲ್ಲ? ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ಕಡೂರು ಬಸ್ ಸ್ಟ್ಯಾಂಡಿನಲ್ಲಿ ಆ ಕಂಬದ ಹತ್ತಿರವೇ ನಿಂತಿರುತ್ತೇನೆ. ಕಾಫಿ ನಾನೇ ಕೊಡಿಸುತ್ತೇನೆ. ಸಕ್ಕರೆ ಕೇಳಿದರೆ ಮಾತ್ರ ನಿನ್ನ ಕೈ ಮುರಿಯುತ್ತೇನೆ.

ತೀರ್ಥ